ಹರಿತದ ಲೆಕ್ಕ: ಚಾಕುವಿನ ಉಕ್ಕು, ಅದರ ಬಾಳಿಕೆ ಮತ್ತು ಸಣ್ಣ ಉದ್ದಿಮೆ

ಸಣ್ಣ ಉದ್ದಿಮೆಗಳ ಲೆಕ್ಕಪುಸ್ತಕಗಳಲ್ಲಿ ಚಾಕುವಿಗೆ ಪ್ರತ್ಯೇಕ ಖಾತೆ ಇರುವುದಿಲ್ಲ. ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯಂತೆ ಅದು ದಾಸ್ತಾನಿನ ಅಡಿಯಲ್ಲಿ ಬಿಡಿ ಉಪಕರಣಗಳ ಸಾಲಿಗೆ ಸೇರುತ್ತದೆ. ಪಾಲುದಾರಿಕೆ ಸಂಸ್ಥೆಯಾದರೆ ಸಾಮಾನ್ಯವಾಗಿ ಇತರೆ ಖರ್ಚಿನೊಳಗೆ ಅಡಗಿ ಹೋಗುತ್ತದೆ. ಖರೀದಿಸಿದ ದಿನ ನೂರೈವತ್ತು ರೂಪಾಯಿ ಬರೆದಿಟ್ಟರೆ ಲೆಕ್ಕ ಮುಗಿಯಿತು. ಆದರೆ ಅದೇ ಚಾಕು ಮೊಂಡಾದಾಗ ಪೋಲಾಗುವ ಕೆಲಸದ ವೇಳೆ, ಸಾಣೆ ಹಿಡಿಯಲು ತಗಲುವ ಕೂಲಿ, ಜಜ್ಜಿಹೋದ ತರಕಾರಿ, ಎಳೆಬಿಟ್ಟ ಬಟ್ಟೆ, ಜಾರಿದ ಅಲಗಿನಿಂದಾದ ಗಾಯ ಇವು ಯಾವುವೂ ಚಾಕುವಿನ ಹೆಸರಿನಲ್ಲಿ ದಾಖಲಾಗುವುದಿಲ್ಲ. ಎಲ್ಲವೂ ಕೂಲಿ ಖಾತೆಯಲ್ಲಿಯೋ ನಷ್ಟದ ಖಾತೆಯಲ್ಲಿಯೋ ಕರಗಿ ಹೋಗುತ್ತವೆ.

ಹೋಟೆಲು, ಹಪ್ಪಳ-ಚಿಪ್ಸ್ ತಯಾರಿಕೆ, ಮಾಂಸ ಮತ್ತು ಮೀನು ಸಂಸ್ಕರಣೆ, ಸಿದ್ಧ ಉಡುಪು, ಚರ್ಮ, ರಬ್ಬರ್, ರಟ್ಟಿನ ಪೆಟ್ಟಿಗೆ, ತೆಂಗು ಮತ್ತು ಅಡಿಕೆ ಹೀಗೆ ಅಲಗನ್ನು ಅವಲಂಬಿಸದ ಉದ್ದಿಮೆಯೇ ವಿರಳ. ಹಾಗಿದ್ದರೂ ಅಲಗಿನ ಉಕ್ಕು ಯಾವುದು, ಅದರ ಗಡಸುತನ ಎಷ್ಟು, ಅದರ ಹರಿತ ಎಷ್ಟು ಕಾಲ ನಿಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಈ ಮೌನದಿಂದ ಕೊಳ್ಳುವವರಿಗೆ ಆಗುತ್ತಿರುವ ನಷ್ಟ ಒಂದು ಕಡೆ. ಪ್ರಾಮಾಣಿಕವಾಗಿ ಹದ ಹಾಕಿ ಚಾಕು ಮಾಡುವ ಸಣ್ಣ ತಯಾರಕರಿಗೆ ಆಗುತ್ತಿರುವ ಅನ್ಯಾಯ ಇನ್ನೊಂದು ಕಡೆ. ಎರಡಕ್ಕೂ ಪರಿಹಾರ ಒಂದೇ: ಉಕ್ಕಿನ ದರ್ಜೆ ಮತ್ತು ಗಡಸುತನವನ್ನು ಬಿಲ್ಲಿನ ಮೇಲೆ ಬರೆಯುವ ಪದ್ಧತಿ.

ಮೂರು ಗುಣಗಳ ಜಗ್ಗಾಟ

ಅಲಗಿನ ಉಕ್ಕಿನಲ್ಲಿ ಮುಖ್ಯವಾಗಿ ಮೂರು ಗುಣಗಳನ್ನು ನೋಡಬೇಕಾಗುತ್ತದೆ. ಮೊದಲನೆಯದು ಸವೆತವನ್ನು ತಡೆಯುವ ಶಕ್ತಿ, ಎರಡನೆಯದು ಪೆಟ್ಟನ್ನು ತಾಳುವ ಶಕ್ತಿ, ಮೂರನೆಯದು ತುಕ್ಕನ್ನು ತಡೆಯುವ ಶಕ್ತಿ. ಮೂರೂ ಒಂದೇ ಉಕ್ಕಿನಲ್ಲಿ ಪರಾಕಾಷ್ಠೆಗೆ ಬರುವುದಿಲ್ಲ. ಒಂದನ್ನು ಹೆಚ್ಚಿಸಿದರೆ ಇನ್ನೊಂದರಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಅಲಗು ಮೊಂಡಾಗುವ ಬಗೆಯೂ ಒಂದೇ ಅಲ್ಲ. ಮೆತ್ತಗಿನ ಉಕ್ಕಿನ ಅಂಚು ಒತ್ತಡಕ್ಕೆ ಬಾಗಿ ಮಡಚಿಕೊಳ್ಳುತ್ತದೆ. ಹೋಟೆಲಿನ ಅಡಿಗೆಯವರು ಉಕ್ಕಿನ ಸಲಾಕೆಗೆ ಚಾಕುವನ್ನು ಎರಡು ಬಾರಿ ಉಜ್ಜಿ ಮತ್ತೆ ಕೆಲಸಕ್ಕೆ ತೊಡಗುವುದು ಈ ಮಡಿಕೆಯನ್ನು ನೆಟ್ಟಗೆ ಮಾಡುವುದಕ್ಕಾಗಿ. ರಟ್ಟು, ಹಗ್ಗ, ಮಣ್ಣು ಮೆತ್ತಿದ ಗೆಡ್ಡೆಗಳನ್ನು ಕತ್ತರಿಸುವಾಗ ಅಂಚು ನಿಜವಾಗಿಯೇ ಸವೆಯುತ್ತದೆ. ಅತಿ ಗಡಸಾದ ಉಕ್ಕು ಮೂಳೆಗೋ ಮೊಳೆಗೋ ತಗುಲಿದರೆ ಚೂರು ಎದ್ದು ಹೋಗುತ್ತದೆ. ನಿಂಬೆ, ಹುಣಸೆ, ಮಾವಿನಕಾಯಿಗಳ ಹುಳಿ ಸಾದಾ ಉಕ್ಕಿನ ಅಂಚನ್ನು ಕಣ್ಣಿಗೆ ಕಾಣದಂತೆ ತಿಂದುಹಾಕುತ್ತದೆ. ಆದುದರಿಂದ ಯಾವ ಉಕ್ಕು ಉತ್ತಮ ಎಂಬ ಪ್ರಶ್ನೆಗೆ ಮುನ್ನ ಏನನ್ನು ಕತ್ತರಿಸಬೇಕಾಗಿದೆ ಎಂಬ ಪ್ರಶ್ನೆ ಬರಬೇಕು.

ಹೆಸರುಗಳ ಹಿಂದಿನ ಅಂಕಿಗಳು

ಗಡಸುತನವನ್ನು ರಾಕ್‌ವೆಲ್ ಸಿ ಮಾಪಕದಲ್ಲಿ ಅಳೆಯುವುದು ರೂಢಿ. ಅಗ್ಗದ ಅಡಿಗೆಮನೆಯ ಚಾಕುಗಳಲ್ಲಿ ಬಳಕೆಯಾಗುವ 420 ಜಾತಿಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 12ರಿಂದ 14ರಷ್ಟಿರುತ್ತದೆ, ಇಂಗಾಲ ಕಡಿಮೆ. ಇದರ ಗಡಸುತನ ಸಾಮಾನ್ಯವಾಗಿ 50ರಿಂದ 55ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತುಕ್ಕು ಹಿಡಿಯುವುದಿಲ್ಲ, ಪೆಟ್ಟು ತಾಳುತ್ತದೆ, ಆದರೆ ಹರಿತ ಬೇಗ ಹೋಗುತ್ತದೆ. ಜರ್ಮನಿಯ ಜೋಲಿಂಗನ್ ನಗರದ ಪ್ರಸಿದ್ಧ ಅಡಿಗೆಚಾಕುಗಳಲ್ಲಿ ಹೆಚ್ಚಾಗಿ ಕಾಣುವ 1.4116 ಸಂಖ್ಯೆಯ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 0.5, ಕ್ರೋಮಿಯಂ ಸುಮಾರು ಶೇಕಡಾ 15. ಅದರ ಗಡಸುತನ 55ರಿಂದ 57. ಜಗತ್ತಿನ ಹೋಟೆಲುಗಳ ದೊಡ್ಡ ಪಾಲು ಕೆಲಸ ನಡೆಯುತ್ತಿರುವುದು ಇಂತಹ ಮಧ್ಯಮ ದರ್ಜೆಯ ಉಕ್ಕಿನ ಮೇಲೆಯೇ ಎಂಬುದು ಗಮನಾರ್ಹ.

ಇದಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ 440ಸಿ ಇದೆ. ಇದರಲ್ಲಿ ಇಂಗಾಲ ಶೇಕಡಾ 0.95ರಿಂದ 1.20, ಕ್ರೋಮಿಯಂ 16ರಿಂದ 18, ಗಡಸುತನ 58ರಿಂದ 60. ಜಪಾನಿನ ವಿಜಿ-10 ಉಕ್ಕಿನಲ್ಲಿ ಸುಮಾರು ಶೇಕಡಾ 1 ಇಂಗಾಲ ಮತ್ತು 15 ಕ್ರೋಮಿಯಂ ಜೊತೆಗೆ ಕೋಬಾಲ್ಟ್, ವೆನೇಡಿಯಂಗಳೂ ಸೇರಿರುತ್ತವೆ. ಇದನ್ನು ಸಾಮಾನ್ಯವಾಗಿ 60ರ ಸುತ್ತ ಹದ ಹಾಕುತ್ತಾರೆ. ಭಾರತದ ಉಪಕರಣ ಮಾರುಕಟ್ಟೆಯಲ್ಲಿ ಎಚ್‌ಸಿಎಚ್‌ಸಿ ಎಂದು ಕರೆಯಲ್ಪಡುವ ಡಿ2 ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 1.5, ಕ್ರೋಮಿಯಂ ಸುಮಾರು 12. ಇದು ಪೂರ್ಣ ಸ್ಟೇನ್‌ಲೆಸ್ ಅಲ್ಲದಿದ್ದರೂ ಸವೆತವನ್ನು ಚೆನ್ನಾಗಿ ತಡೆಯುತ್ತದೆ. ಬೇರಿಂಗುಗಳಿಗೆ ಬಳಸುವ ಇಎನ್31 ಉಕ್ಕು 60ಕ್ಕಿಂತ ಮೇಲಿನ ಗಡಸುತನಕ್ಕೆ ಬರುತ್ತದೆ, ಪೆಟ್ಟನ್ನೂ ತಾಳುತ್ತದೆ, ಆದರೆ ಒರೆಸಿಡದಿದ್ದರೆ ತುಕ್ಕು ಖಂಡಿತ. ಸಿದ್ಧ ಉಡುಪು ಘಟಕಗಳ ಕತ್ತರಿಸುವ ಯಂತ್ರಗಳಲ್ಲಿ ಹೈಸ್ಪೀಡ್ ಉಕ್ಕಿನ ಅಲಗುಗಳ ಬಳಕೆ ಇದೆ. ಈ ವರ್ಗದ ಎಂ2 ದರ್ಜೆಯಲ್ಲಿ ಸುಮಾರು ಶೇಕಡಾ 6 ಟಂಗ್‌ಸ್ಟನ್ ಮತ್ತು ಶೇಕಡಾ 5 ಮಾಲಿಬ್ಡಿನಂ ಇರುವುದರಿಂದ ಘರ್ಷಣೆಯ ಬಿಸಿಗೂ ಅದು ಮೆತ್ತಗಾಗುವುದಿಲ್ಲ.

ಮೇಲಿನ ಕೊನೆಯ ಮೆಟ್ಟಿಲು ಪುಡಿಲೋಹ ತಂತ್ರದ ಉಕ್ಕುಗಳದು. ಕರಗಿದ ಲೋಹವನ್ನು ಅನಿಲದ ರಭಸದಿಂದ ಸೂಕ್ಷ್ಮ ಹನಿಗಳಾಗಿ ಸಿಡಿಸಿ, ಆ ಪುಡಿಯನ್ನು ಅಧಿಕ ಒತ್ತಡ ಮತ್ತು ತಾಪದಲ್ಲಿ ಗಟ್ಟಿಯಾಗಿಸುವ ವಿಧಾನವಿದು. ಇದರಿಂದ ಉಕ್ಕಿನೊಳಗಿನ ಕಾರ್ಬೈಡ್ ಕಣಗಳು ದಪ್ಪ ಗಂಟುಗಳಾಗದೆ ಸಣ್ಣದಾಗಿ ಸಮನಾಗಿ ಹರಡುತ್ತವೆ. ಅಮೆರಿಕದ ಕ್ರೂಸಿಬಲ್ ಸಂಸ್ಥೆ 2001ರಲ್ಲಿ ಚಾಕುಗಳಿಗೆಂದೇ ಹೊರತಂದ ಎಸ್30ವಿ ಉಕ್ಕಿನಲ್ಲಿ ಶೇಕಡಾ 4 ವೆನೇಡಿಯಂ ಇದೆ. ಎಸ್90ವಿಯಲ್ಲಿ ಅದು ಶೇಕಡಾ 9. 2021ರಲ್ಲಿ ಬಂದ ಮ್ಯಾಗ್ನಾಕಟ್ ಮೂರೂ ಗುಣಗಳನ್ನು ಸಮತೋಲನಕ್ಕೆ ತರುವ ಪ್ರಯತ್ನದಲ್ಲಿ ಬಹಳ ಮುಂದೆ ಹೋಗಿದೆ. ಆದರೆ ಇಂತಹ ಉಕ್ಕು ದುಬಾರಿ, ತಯಾರಕರೂ ಕೆಲವರೇ. 2024ರ ಡಿಸೆಂಬರಿನಲ್ಲಿ ಕ್ರೂಸಿಬಲ್ ಸಂಸ್ಥೆಯೇ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋದಾಗ, ಒಂದೇ ಮೂಲವನ್ನು ನಂಬಿದ್ದ ಚಾಕು ತಯಾರಕರಿಗೆ ಪೂರೈಕೆಯ ಚಿಂತೆ ಎದುರಾಯಿತು.

ಇಲ್ಲೊಂದು ಮಾತು ಪಾತ್ರೆ ವ್ಯಾಪಾರಸ್ಥರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಆಯಸ್ಕಾಂತಕ್ಕೆ ಅಂಟದ ಸ್ಟೀಲೇ ಶ್ರೇಷ್ಠ ಎಂಬ ನಂಬಿಕೆ ಪಾತ್ರೆಗಳ ಮಟ್ಟಿಗೆ ಬೇರೂರಿದೆ. ಚಾಕುವಿನ ವಿಷಯದಲ್ಲಿ ಇದು ತಲೆಕೆಳಗು. ಪಾತ್ರೆಗೆ ಬಳಸುವ 304 ಅಥವಾ 202 ದರ್ಜೆಯ ಉಕ್ಕನ್ನು ಕಾಯಿಸಿ ತಣಿಸಿ ಗಡಸುಗೊಳಿಸಲು ಸಾಧ್ಯವಿಲ್ಲ. ಅದರಿಂದ ಮಾಡಿದ ಅಲಗು ಹರಿತ ಹಿಡಿಯುವುದಿಲ್ಲ. ಹದ ಹಾಕಬಲ್ಲ ಚಾಕುವಿನ ಉಕ್ಕು ಆಯಸ್ಕಾಂತಕ್ಕೆ ಚೆನ್ನಾಗಿ ಅಂಟಲೇಬೇಕು. ಅಂಟಿದ ಮಾತ್ರಕ್ಕೆ ಒಳ್ಳೆಯ ಚಾಕು ಎಂದಲ್ಲ, ಆದರೆ ಅಂಟದ ಉಕ್ಕಿನ ಅಲಗನ್ನು ಕೊಳ್ಳದಿರುವುದೇ ಲೇಸು.

ಹರಿತವನ್ನು ಅಳೆಯುವ ಬಗೆ

ಹರಿತದ ಬಾಳಿಕೆ ಕೇವಲ ಅನುಭವದ ಮಾತಲ್ಲ, ಅಳೆಯಬಹುದಾದ ಸಂಗತಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ಯಾಟ್ರಾ ಎಂಬ ಚಾಕು-ಕತ್ತರಿ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಪರೀಕ್ಷೆ ಐಎಸ್‌ಒ 8442-5 ಎಂಬ ಅಂತಾರಾಷ್ಟ್ರೀಯ ಮಾನಕದಲ್ಲಿ ಸೇರಿದೆ. ಅಲಗನ್ನು ಮೇಲ್ಮುಖವಾಗಿ ಬಿಗಿದು, ಶೇಕಡಾ 5ರಷ್ಟು ಸಿಲಿಕಾ ಬೆರೆಸಿದ ಕಾಗದದ ಪಟ್ಟಿಗಳ ಕಟ್ಟನ್ನು 50 ನ್ಯೂಟನ್ ಬಲದಿಂದ ಅದರ ಮೇಲೆ ಒತ್ತಿ, ಅಲಗನ್ನು ಹಿಂದೆ ಮುಂದೆ ಚಲಿಸುತ್ತಾರೆ. ಮೊದಲ ಮೂರು ಆವರ್ತಗಳಲ್ಲಿ ಎಷ್ಟು ಮಿಲಿಮೀಟರ್ ಕಾಗದ ಕತ್ತರಿಸಿತು ಎಂಬುದು ಆರಂಭಿಕ ಹರಿತ. 60 ಆವರ್ತಗಳಲ್ಲಿ ಒಟ್ಟು ಎಷ್ಟು ಕತ್ತರಿಸಿತು ಎಂಬುದು ಹರಿತದ ಬಾಳಿಕೆ.

ಈ ಪರೀಕ್ಷೆಯ ಫಲಿತಾಂಶಗಳನ್ನು ವಿಶ್ಲೇಷಿಸಿದ ಅಮೆರಿಕದ ಲೋಹವಿಜ್ಞಾನಿ, ಮ್ಯಾಗ್ನಾಕಟ್ ಉಕ್ಕಿನ ರೂವಾರಿ ಲ್ಯಾರಿನ್ ಥಾಮಸ್ ಅವರು ತೋರಿಸಿಕೊಟ್ಟ ಒಂದು ಅಂಶ ಸಣ್ಣ ಉದ್ಯಮಿಗಳಿಗೆ ಬಹಳ ಉಪಯುಕ್ತ. ರಾಕ್‌ವೆಲ್ ಗಡಸುತನವನ್ನು ಒಂದು ಅಂಕ ಹೆಚ್ಚಿಸಿದರೆ ಸಿಗುವ ಲಾಭವೂ, ಅಂಚಿನ ಒಟ್ಟು ಕೋನವನ್ನು ಒಂದು ಡಿಗ್ರಿ ಕಡಿಮೆ ಮಾಡಿದರೆ ಸಿಗುವ ಲಾಭವೂ ಸರಿಸುಮಾರು ಸಮ. ಅಂದರೆ 40 ಡಿಗ್ರಿಗೆ ಸಾಣೆ ಹಿಡಿದ ದಪ್ಪ ಅಂಚನ್ನು 30 ಡಿಗ್ರಿಗೆ ಇಳಿಸುವುದರಿಂದ ಆಗುವ ಸುಧಾರಣೆ, ಉಕ್ಕನ್ನೇ ಬದಲಿಸಿ ಪಡೆಯುವ ಸುಧಾರಣೆಗೆ ಹೋಲಿಸಬಹುದಾದಷ್ಟು ದೊಡ್ಡದು. ಉಕ್ಕು ಬದಲಿಸಲು ಹಣ ಬೇಕು. ಕೋನ ಬದಲಿಸಲು ಸಾಣೆಯವರಿಗೆ ಸೂಚನೆ ಕೊಟ್ಟರೆ ಸಾಕು. ಆದರೆ ಅಂಚು ತೆಳುವಾದಷ್ಟೂ ಅದನ್ನು ಹೊರುವ ಉಕ್ಕು ಗಡಸಾಗಿರಬೇಕು, ಇಲ್ಲವಾದರೆ ಮಡಚಿಕೊಳ್ಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಒಣ ಕಾಗದದ ಈ ಪರೀಕ್ಷೆ ಸವೆತವನ್ನು ಮಾತ್ರ ಅಳೆಯುತ್ತದೆ, ಹುಳಿಯ ತುಕ್ಕನ್ನಾಗಲಿ ಮೂಳೆಯ ಪೆಟ್ಟನ್ನಾಗಲಿ ಅಳೆಯುವುದಿಲ್ಲ ಎಂಬ ಮಿತಿಯೂ ಇದೆ.

ಸಾಣೆಯ ಖರ್ಚಿನ ಮೂಲವೂ ಇಲ್ಲಿಯೇ ಇದೆ. ಕ್ರೋಮಿಯಂ ಕಾರ್ಬೈಡ್ ಕಣ ಸಾಧಾರಣ ಅಲ್ಯುಮಿನಾ ಸಾಣೆಕಲ್ಲಿಗಿಂತ ಮೆದು. ವೆನೇಡಿಯಂ ಕಾರ್ಬೈಡ್ ಕಣವಾದರೋ ಆ ಕಲ್ಲಿಗಿಂತಲೂ ಗಡಸು. ಆದ್ದರಿಂದ ಅಧಿಕ ವೆನೇಡಿಯಂ ಉಕ್ಕನ್ನು ಸಲೀಸಾಗಿ ಹರಿತಗೊಳಿಸಲು ವಜ್ರದ ಪುಡಿ ಲೇಪಿಸಿದ ಸಾಣೆ ಬೇಕಾಗುತ್ತದೆ. ಹರಿತ ಬಹುಕಾಲ ನಿಲ್ಲುತ್ತದೆ ನಿಜ, ಹೋದ ಮೇಲೆ ಮರಳಿ ತರುವುದು ಅಷ್ಟೇ ಶ್ರಮದ ಕೆಲಸ. ಮಲೆನಾಡಿನ ಅಡಿಕೆ ಸುಲಿಯುವ ಕತ್ತಿಯೂ ಮನೆಯ ಈಳಿಗೆಮಣೆಯೂ ಸಾದಾ ಇಂಗಾಲದ ಉಕ್ಕಿನಲ್ಲಿಯೇ ಬಾಳಿ ಬಂದಿರುವುದಕ್ಕೆ, ನಾಲ್ಕು ಬಾರಿ ಕಲ್ಲಿಗೆ ಉಜ್ಜಿದರೆ ಹರಿತ ಮರಳುತ್ತದೆ ಎಂಬುದೂ ಒಂದು ಕಾರಣ.

ಹದವೇ ಪ್ರಧಾನ

ಉಕ್ಕಿನ ಹೆಸರು ಅರ್ಧ ಕಥೆ ಮಾತ್ರ. ಉಳಿದರ್ಧ ಕುಲುಮೆಯಲ್ಲಿ ನಡೆಯುತ್ತದೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಶೇಕಡಾ 12.8 ಕ್ರೋಮಿಯಂ ಇರುವ, ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದರು. ಅದನ್ನು ಹಳೆಯ ಉಕ್ಕಿನಂತೆಯೇ ಕಾಯಿಸಿ ಬಡಿದ ಆ ಊರಿನ ಚಾಕು ತಯಾರಕರಿಗೆ ಅದು ಒಗ್ಗಲಿಲ್ಲ. ಕತ್ತರಿಸದ ಚಾಕುವನ್ನು ಕಂಡುಹಿಡಿದ ಮಹಾಶಯ ಎಂದು ಬ್ರಿಯರ್ಲಿ ಅವರನ್ನು ಗೇಲಿ ಮಾಡಲಾಯಿತು. ಅನಂತರ ಮೋಸ್ಲಿ ಚಾಕು ಕಾರ್ಖಾನೆಯ ಅರ್ನೆಸ್ಟ್ ಸ್ಟುವರ್ಟ್ ಆ ಉಕ್ಕನ್ನು ಸರಿಯಾಗಿ ಕಾಯಿಸಿ ಹದ ಹಾಕುವ ಬಗೆಯನ್ನು ಪ್ರಯೋಗಗಳಿಂದ ಕಂಡುಕೊಂಡರು. ಕತ್ತರಿಸಲಾರದು ಎಂದು ಮೂಲೆಗೆ ಬಿದ್ದಿದ್ದ ಉಕ್ಕೇ ಜಗತ್ತಿನ ಅಡಿಗೆಮನೆಗಳನ್ನು ಆಳತೊಡಗಿತು.

ಈ ಪ್ರಸಂಗದ ಪಾಠ ಇಂದಿಗೂ ಸಲ್ಲುತ್ತದೆ. ಸ್ಟೇನ್‌ಲೆಸ್ ಚಾಕುವಿನ ಉಕ್ಕನ್ನು ಸಾಮಾನ್ಯವಾಗಿ 1000ದಿಂದ 1100 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ಕಾಯಿಸಿ, ನಿಗದಿತ ವೇಳೆ ಅಲ್ಲಿಯೇ ಹಿಡಿದು, ಬೇಗ ತಣಿಸಿ, ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಹದಗೊಳಿಸಬೇಕಾಗುತ್ತದೆ. ತಾಪ ಕಡಿಮೆಯಾದರೆ ಗಡಸುತನ ಬರುವುದಿಲ್ಲ, ಹೆಚ್ಚಾದರೆ ಉಕ್ಕಿನ ಕಣರಚನೆ ಒರಟಾಗಿ ಅಂಚು ಮುರಿಯುತ್ತದೆ. ಅಗ್ಗದ ಉಕ್ಕಾದರೂ ಸರಿಯಾದ ಹದ ಸಿಕ್ಕಿದರೆ, ಹದಗೆಟ್ಟ ದುಬಾರಿ ಉಕ್ಕಿಗಿಂತ ಹೆಚ್ಚು ಕಾಲ ಕತ್ತರಿಸುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ನಿಯಂತ್ರಿತ ಕುಲುಮೆಗಳುಳ್ಳ ಹದಗೊಳಿಸುವ ಘಟಕಗಳಿವೆ. ಅವುಗಳಿಂದ ಗಡಸುತನದ ಪ್ರಮಾಣಪತ್ರವನ್ನು ಕೇಳಿ ಪಡೆಯುವ ಅಭ್ಯಾಸ ಮಾತ್ರ ಚಾಕು ತಯಾರಕರಲ್ಲಿ ಬೆಳೆಯಬೇಕಾಗಿದೆ.

ಒಂದು ಉದಾಹರಣೆಯ ಲೆಕ್ಕ

ಅಗ್ಗದ ಚಾಕು ನಿಜವಾಗಿ ಅಗ್ಗವೇ ಎಂಬುದನ್ನು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ಸಾಕು. ತರಕಾರಿ ಕತ್ತರಿಸುವ ಒಂದು ಘಟಕ ವರ್ಷದಲ್ಲಿ 300 ದಿನ ಕೆಲಸ ಮಾಡುತ್ತದೆ, ಕೂಲಿ ಗಂಟೆಗೆ 60 ರೂಪಾಯಿ ಎಂದಿರಲಿ.

ಮೊದಲನೆಯ ಚಾಕುವಿನ ಬೆಲೆ 150 ರೂಪಾಯಿ. ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ ಸಾಣೆ ಬೇಕು, ಆರು ತಿಂಗಳಿಗೆ ಸವೆದು ಹೋಗುತ್ತದೆ. ವರ್ಷಕ್ಕೆ ಎರಡು ಚಾಕುಗಳಿಗೆ 300 ರೂಪಾಯಿ, 600 ಬಾರಿಯ ಸಾಣೆಗೆ 6,000 ರೂಪಾಯಿ, ಒಟ್ಟು 6,300.

ಎರಡನೆಯದು ಒಳ್ಳೆಯ ಹದದ ಮಧ್ಯಮ ದರ್ಜೆಯ ಚಾಕು, ಬೆಲೆ 900 ರೂಪಾಯಿ, ಬಾಳಿಕೆ ಎರಡು ವರ್ಷ. ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷದ ಸಾಣೆ. ವರ್ಷಕ್ಕೆ ಬೆಲೆಯ ಪಾಲು 450, ಸಾಣೆಗೆ 2,250, ಒಟ್ಟು 2,700.

ಮೂರನೆಯದು ಪುಡಿಲೋಹದ ಆಮದು ಚಾಕು, ಬೆಲೆ 8,000 ರೂಪಾಯಿ, ಬಾಳಿಕೆ ಮೂರು ವರ್ಷ. ಐದು ದಿನಕ್ಕೊಮ್ಮೆ ಅರ್ಧ ಗಂಟೆಯ ಸಾಣೆ. ವರ್ಷಕ್ಕೆ ಬೆಲೆಯ ಪಾಲು ಸುಮಾರು 2,667, ಸಾಣೆಗೆ 1,800, ಒಟ್ಟು ಸುಮಾರು 4,467. ವಜ್ರದ ಸಾಣೆಯ ಬೆಲೆ, ಕಳೆದುಹೋಗುವ ಭಯ ಇವನ್ನು ಇನ್ನೂ ಸೇರಿಸಿಲ್ಲ.

ಅಂಕಿಗಳು ಪ್ರತಿ ಘಟಕಕ್ಕೂ ಬೇರೆಯಾಗುತ್ತವೆ. ಆದರೆ ಲೆಕ್ಕದ ಕ್ರಮ ಒಂದೇ. ಮೊದಲ ಎರಡು ಚಾಕುಗಳ ಖರ್ಚಿನಲ್ಲಿ ದೊಡ್ಡ ಪಾಲು ಬೆಲೆಯದಲ್ಲ, ಸಾಣೆಯ ಕೂಲಿಯದು. ಅತಿ ಅಗ್ಗದ್ದು ಅತಿ ದುಬಾರಿಯಾಗಬಹುದು, ಅತಿ ಶ್ರೇಷ್ಠವಾದುದು ಆವಶ್ಯಕತೆಗೆ ಮೀರಿದ್ದಾಗಬಹುದು. ಒಂದು ತಿಂಗಳ ಕಾಲ ಪ್ರತಿ ಚಾಕುವಿಗೆ ಒಂದು ಚೀಟಿ ಇಟ್ಟು ಸಾಣೆಯ ವೇಳೆಯನ್ನು ಬರೆದಿಟ್ಟರೆ ಯಾವ ಉದ್ಯಮಿಗಾದರೂ ತನ್ನ ಘಟಕದ ಸತ್ಯ ತಿಳಿದುಬರುತ್ತದೆ. ತೆರಿಗೆಯ ಅಂಶವನ್ನೂ ಗಮನಿಸಬೇಕು. 2022ರ ಜುಲೈ 18ರಿಂದ ಚಾಕುಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 18ಕ್ಕೆ ಏರಿತು. ಇನ್‌ಪುಟ್ ತೆರಿಗೆ ಕ್ರೆಡಿಟ್ ಪಡೆಯುವ ತಯಾರಿಕಾ ಘಟಕಕ್ಕೆ ಇದು ಹೊರೆಯಲ್ಲ. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೆ ಆ ಸೌಲಭ್ಯವಿಲ್ಲದ ಕಾರಣ, ತೆರಿಗೆಯೂ ಚಾಕುವಿನ ಬೆಲೆಯ ಭಾಗವೇ ಆಗುತ್ತದೆ.

ಮಾರುಕಟ್ಟೆಯ ರೋಗ

ಹಾಗಿದ್ದರೆ ಎರಡನೆಯ ಬಗೆಯ ಚಾಕು ಮಾರುಕಟ್ಟೆಯನ್ನು ಆಳಬೇಕಾಗಿತ್ತು. ಆಳುತ್ತಿಲ್ಲ, ಏಕೆಂದರೆ ಅಂಗಡಿಯ ಗಲ್ಲದ ಮೇಲೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ಹೊಸದಾಗಿದ್ದಾಗ ಎರಡೂ ಕಾಗದವನ್ನು ಸರಾಗವಾಗಿ ಸೀಳುತ್ತವೆ. ಗಡಸುತನ ಕಣ್ಣಿಗೆ ಕಾಣುವ ಗುಣವಲ್ಲ. ಕಾಣದ ಗುಣಕ್ಕೆ ಹೆಚ್ಚಿನ ಬೆಲೆ ಕೊಡಲು ಗ್ರಾಹಕ ಒಪ್ಪುವುದಿಲ್ಲ. ಆಗ ಹದಕ್ಕೆ ಖರ್ಚು ಮಾಡಿದ ತಯಾರಕ ನಷ್ಟ ಅನುಭವಿಸುತ್ತಾನೆ, ಖರ್ಚು ಉಳಿಸಿದವನು ಗೆಲ್ಲುತ್ತಾನೆ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ ಎಂಬ ಗ್ರೇಷಮ್ಮನ ನಿಯಮವನ್ನು ವಾಣಿಜ್ಯದ ವಿದ್ಯಾರ್ಥಿಗಳೆಲ್ಲ ಓದಿದ್ದಾರೆ. ಚಾಕುವಿನ ಪೇಟೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ.

ಗ್ರಾಹಕ ಬೆಲೆಯನ್ನು ಮಾತ್ರ ಕೇಳುತ್ತಾನೆ, ಉಕ್ಕಿನ ದರ್ಜೆಯನ್ನು ಕೇಳುವವರು ಯಾರು ಎಂಬುದು ವರ್ತಕರ ಸಾಮಾನ್ಯ ಆಕ್ಷೇಪ. ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಚಿನ್ನದ ವ್ಯಾಪಾರದಲ್ಲಿಯೂ ಒಂದು ಕಾಲಕ್ಕೆ ಗ್ರಾಹಕ ತೂಕ ಮತ್ತು ಹೊಳಪನ್ನು ಮಾತ್ರ ನೋಡುತ್ತಿದ್ದ. 2000ದಲ್ಲಿ ಭಾರತೀಯ ಮಾನಕ ಬ್ಯೂರೊ ಹಾಲ್‌ಮಾರ್ಕ್ ಪದ್ಧತಿ ಆರಂಭಿಸಿದ ಮೇಲೆ ಶುದ್ಧತೆಯನ್ನು ಕೇಳುವುದು ಕ್ರಮೇಣ ರೂಢಿಯಾಯಿತು. ಮಾಹಿತಿ ಮೊದಲು ಬರಬೇಕು, ಪ್ರಶ್ನೆ ಅನಂತರ ಬರುತ್ತದೆ. ಚಾಕುವಿನ ಊರುಗಳೂ ಇದನ್ನು ಬಹು ಹಿಂದೆಯೇ ಅರಿತಿದ್ದವು. ಶೆಫೀಲ್ಡ್ ಸೀಮೆಯ ಚಾಕು ತಯಾರಕರ ಸಂಘಕ್ಕೆ 1624ರಲ್ಲಿ ಶಾಸನಬದ್ಧ ಮಾನ್ಯತೆ ದೊರೆತು, ತಯಾರಕರ ಮುದ್ರೆಗಳ ಮೇಲ್ವಿಚಾರಣೆ ಅದರ ಹೊಣೆಯಾಯಿತು. ಜೋಲಿಂಗನ್ ಎಂಬ ಹೆಸರನ್ನು ಅಲಗಿನ ಮೇಲೆ ಅಚ್ಚೊತ್ತುವ ಹಕ್ಕಿಗೆ 1938ರಿಂದ ಕಾನೂನಿನ ರಕ್ಷಣೆ ಇದೆ. ಆ ಊರುಗಳ ಕೀರ್ತಿ ಉಕ್ಕಿನಿಂದ ಮಾತ್ರ ಬಂದುದಲ್ಲ, ಮುದ್ರೆಯ ಮೇಲಿನ ನಂಬಿಕೆಯಿಂದಲೂ ಬಂದುದು.

ಆಗಬೇಕಾದುದು

ಮೊದಲನೆಯದಾಗಿ, ಚಾಕು ತಯಾರಕರು ಅಲಗಿನ ಮೇಲೆಯೋ ಪೊಟ್ಟಣದ ಮೇಲೆಯೋ ಉಕ್ಕಿನ ದರ್ಜೆಯನ್ನೂ ಗಡಸುತನದ ವ್ಯಾಪ್ತಿಯನ್ನೂ ಸ್ವಯಂಪ್ರೇರಿತರಾಗಿ ನಮೂದಿಸಬೇಕು. 420, 55ರಿಂದ 56 ಎಂಬ ಒಂದು ಸಾಲು ಸಾಕು. ಸಾಧಾರಣ ದರ್ಜೆ ಎಂದು ನಾಚಬೇಕಾದುದಿಲ್ಲ. ಸುಳ್ಳು ದರ್ಜೆಗಿಂತ ನಿಜವಾದ ಸಾಧಾರಣ ದರ್ಜೆ ವ್ಯಾಪಾರಕ್ಕೆ ಹಿತ.

ಎರಡನೆಯದಾಗಿ, ಸಗಟು ಕೊಳ್ಳುವ ಹೋಟೆಲು, ಸಂಸ್ಕರಣಾ ಮತ್ತು ಉಡುಪು ಘಟಕಗಳು ಖರೀದಿ ಆದೇಶದಲ್ಲಿಯೇ ಈ ಎರಡು ಅಂಕಿಗಳನ್ನು ಬರೆದು, ಪ್ರತಿ ಸರಕಿನಿಂದ ಒಂದೆರಡು ಅಲಗುಗಳನ್ನು ರಾಕ್‌ವೆಲ್ ಪರೀಕ್ಷೆಗೆ ಕಳುಹಿಸಬೇಕು. ಸೂಜಿಮೊನೆಯಷ್ಟು ಗುರುತು ಬೀಳುವ ಈ ಪರೀಕ್ಷೆಯಿಂದ ಚಾಕು ಹಾಳಾಗುವುದಿಲ್ಲ.

ಮೂರನೆಯದಾಗಿ, ಒಂದು ಸಣ್ಣ ಘಟಕಕ್ಕೆ ಒಬ್ಬಂಟಿಯಾಗಿ ಪರೀಕ್ಷಾ ಯಂತ್ರ ಇಡುವುದು ಭಾರವಾದರೂ ಹತ್ತು ಘಟಕಗಳು ಕೂಡಿದರೆ ಭಾರವಲ್ಲ. ವಾಣಿಜ್ಯ ಮಂಡಳಿಗಳೂ ಕೈಗಾರಿಕಾ ಸಂಘಗಳೂ ಇಂತಹ ಸಾಮೂಹಿಕ ಪರೀಕ್ಷೆ ಮತ್ತು ಹದಗೊಳಿಸುವ ಏರ್ಪಾಡಿಗೆ ಮುಂದಾಳತ್ವ ವಹಿಸುವುದು ಉಚಿತ.

1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ವಿದ್ವಾಂಸರಿಗೆ ಭಾರತದ ಒಂದು ಉಕ್ಕಿನ ಪರೀಕ್ಷೆಯನ್ನು ವರದಿ ಮಾಡುತ್ತ ಅದನ್ನು ವೂಟ್ಸ್ ಎಂದು ಕರೆದರು. ಆ ಹೆಸರು ಕನ್ನಡ, ತೆಲುಗುಗಳ ಉಕ್ಕು ಎಂಬ ಶಬ್ದದಿಂದ ಬಂದುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅನಂತರ ಮೈಕೆಲ್ ಫ್ಯಾರಡೆ, ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಅವರೊಡಗೂಡಿ ಅದೇ ಉಕ್ಕಿನ ಗುಟ್ಟನ್ನು ಹುಡುಕಲು ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಅವರು ಪ್ರತಿಯೊಂದು ಎರಕವನ್ನೂ ಅಳೆದರು, ತೂಗಿದರು, ಬರೆದಿಟ್ಟರು. ಇಲ್ಲಿನ ಕುಲುಮೆಗಳ ಕೈಚಳಕ ಬರಹಕ್ಕೆ ಇಳಿಯದೆ ಕುಲುಮೆಯೊಂದಿಗೇ ಆರಿಹೋಯಿತು. ಇಂದು ಚಾಕುವಿನ ಪೇಟೆಗೆ ಬೇಕಾಗಿರುವುದು ಹೊಸ ಗುಟ್ಟಲ್ಲ. ತಿಳಿದಿರುವುದನ್ನು ಬರೆದು ತೋರಿಸುವ, ಬರೆದುದಕ್ಕೆ ಹೊಣೆಯಾಗುವ ಅಭ್ಯಾಸ. ಅದಕ್ಕೆ ಬೇಕಾದ ಬಂಡವಾಳ ಬಿಲ್ಲಿನ ಮೇಲಿನ ಒಂದು ಸಾಲು ಮಾತ್ರ.